ನೀವು ದಿನಾ ಹಾಕುವ ಆ ದನಿ

ಟೊಲೆಡೊ, ಏಪ್ರಿಲ್ 3

ಬೇಸ್‌ಬಾಲ್ ಹರಟೆಯ ರೇಡಿಯೊ ಕಾರ್ಯಕ್ರಮ ನಡೆಸುವ ಹ್ಯಾಡ್ಲಿಯವರಿಗೆ,

ನಾನು ಲಾರಿ ಡ್ರೈವರ್ ಡೆಲ್ಬರ್ಟ್‌ನ ಹೆಂಡತಿ. ನಿಮ್ಮ ಜೊತೆ ಎರಡು ಮಾತಾಡಲು ಅವನು ಮುಕ್ಕಾಲು ಗಂಟೆ ಫೋನ್ ಹಿಡಿದು ಕಾಯುತ್ತಿದ್ದ. ನನಗೆ ಫೋನ್ ಮಾಡಲು ಅವನಿಗೆ ಪುರುಸೊತ್ತಿರಲಿಲ್ಲ.

"ಈ ಸಲ ನಮ್ಮೋರು ಗೆಲ್ಲದಿದ್ರೆ ಮೀಸೆ ಬೋಳಿಸ್ಕೋತೀನಿ ಕಣಯ್ಯಾ!" ಹೋದ ವರ್ಷ ಒಂದು ಸಲ ನಿಮಗೆ ಅಂದಿದ್ದ.

"ಬ್ಲೇಡು ತೆಗೆದಿಟ್ಕೋ ತಾತಾ!" ಎಂದು ನೀವು ಗಹಗಹಿಸಿದಿರಿ.

ತಂಡ ಸೋತಿತು. ಅವನು ಬೋಳಿಸಿಕೊಂಡ. ಅಂದಿನಿಂದ ನಿಮ್ಮ ಕಾರ್ಯಕ್ರಮ ಶುರುವಾಗುವುದೇ ಅವನ ಆ ಮಾತಿನ ರೆಕಾರ್ಡಿಂಗ್‌ನಿಂದ.

ಮೀಸೆ ಮತ್ತೆ ಬೆಳೆಯುವ ಮೊದಲೇ ಅವನು ತೀರಿಕೊಂಡ. ನೀವು ಅದನ್ನು ಇನ್ನೂ ಹಾಕುತ್ತಲೇ ಇದ್ದೀರಿ.

ದಯವಿಟ್ಟು ನಿಲ್ಲಿಸಿ. ಆ ರೆಕಾರ್ಡಿಂಗನ್ನು ನನಗೆ ಕಳಿಸಿಕೊಡಿ; ನಮ್ಮ ಮನೆಯಲ್ಲಿ ಅವನ ದನಿ ಎಲ್ಲೂ ಉಳಿದಿಲ್ಲ. ಕಳಿಸುವ ಮುಂಚೆ, ಕೊನೆಯಲ್ಲಿರುವ ನಿಮ್ಮ ನಗುವನ್ನು ಕತ್ತರಿಸಿ.

ಇಂತಿ,
ವರ್ನಾ ಸ್ಟಾಕ್‌ವೆಲ್