ಜಯಳ ಬಾವಿಯ ಹಸಿರು ನೀರು

ಕುಲಶೇಖರ, ಮಂಗಳವಾರ

ಮಾನ್ಯ ಪ್ರೊಫೆಸರರೇ,

ಪಕ್ಕದ ಮನೆಯ ಜಯಳ ಕಕ್ಕಸು ಗುಂಡಿಯಿಂದ ನಮ್ಮ ಬಾವಿ ಕೆಡುತ್ತಿದೆ ಎಂದು ನಿಮ್ಮ ವಿಶ್ವವಿದ್ಯಾಲಯದ ಜಲ ಸಂಶೋಧನಾ ಕೇಂದ್ರಕ್ಕೆ ದೂರು ಕೊಟ್ಟವಳು ನಾನೇ. ಶನಿವಾರ ನಿಮ್ಮ ವಿದ್ಯಾರ್ಥಿನಿ ಅಶ್ಮಿತಾ, ಯಾರ ಗುಂಡಿ ಬಾವಿಗೆ ಸೋರುತ್ತದೆಂದು ತಿಳಿಯಲು, ಜಯಳ ಗುಂಡಿಗೆ ಕೆಂಪು ಬಣ್ಣ, ನಮ್ಮದಕ್ಕೆ ಹಸಿರು ಬಣ್ಣ ಹಾಕಿದಳು. "ನಮ್ಮದು ಮಗ ಹ್ಯೂಬರ್ಟ್ ದುಬೈಯಿಂದ ಬಂದು ಕಟ್ಟಿಸಿದ್ದು, ನಿನ್ನ ಬಣ್ಣ ದಂಡ" ಎಂದಿದ್ದೆ. ಜಯ ಆಗ ಮನೆಯಲ್ಲಿರಲಿಲ್ಲ. ಯಾವ ಬಣ್ಣ ಯಾರದೆಂದು ಅವಳಿಗೆ ಗೊತ್ತಿಲ್ಲ.

ಇಂದು ಬೆಳಿಗ್ಗೆ ಅವಳು ತನ್ನ ಬಾವಿಯಿಂದ ಸೇದಿದ್ದು ಹಸಿರು ನೀರು. ನಡುವಿನ ಪಾಗಾರದ ಗೋಡೆಯ ಈಚೆ ನಿಂತು ನಾನೇ ನೋಡಿದೆ. ಆ ನೀರಿನಲ್ಲಿಯೇ ಅವಳ ಮಗಳ ಬಾಣಂತನ ನಡೆಯುತ್ತಿದೆ.

"ನೀವು ಹೇಳಿದ್ದೇ ಸರಿ ಬಾಯಮ್ಮ, ನಮ್ಮ ಗುಂಡಿಯದ್ದೇ ಕೊಳಕು. ಎಂತ ಮಾಡುವುದು ಮಾರಾಯ್ರೆ, ನಾಳೆಯೇ ಒಡೆಸ್ತೇನೆ" ಎಂದಳು ಜಯ. ಹಸಿರು ನಮ್ಮದೆಂದು ಹೇಳದೆ, ನಮ್ಮ ಕಾರ್ಪೊರೇಷನ್ ನಳ್ಳಿಯಿಂದ ಅವಳ ಅಡುಗೆಮನೆಗೆ ಪೈಪ್ ಎಳೆಸಿದೆ. ಅದಕ್ಕೂ ಕೈಮುಗಿದಳು.

ಈ ಪತ್ರವನ್ನು ಸೊಸೆ ಎಲೇನ್ ಕೈಯಲ್ಲಿ ಕಳುಹಿಸುತ್ತಿದ್ದೇನೆ. ನಾಳೆ ಕೆಲಸದವರು ಬರುವ ಮೊದಲೇ ಅಶ್ಮಿತಾಳನ್ನು ಜಯಳ ಮನೆಗೆ ಕಳುಹಿಸಿ. ವಿಷಯವನ್ನು ನಾನೇ ಹೇಳುತ್ತೇನೆ, ಹುಡುಗಿ ಪಕ್ಕದಲ್ಲಿ ನಿಂತರೆ ಸಾಕು. ತಪ್ಪು ನಮ್ಮದೆಂದು ನಾನೊಬ್ಬಳೇ ಹೇಳಿದರೆ ಜಯ ನಂಬುವುದಿಲ್ಲ.

ಇತಿ,
ಸಿಸಿಲಿಯಾ ರೇಗೊ