ನೀನು ತಂದಿದ್ದ ಬಾಟಲಿ

ಬೋನ್, ಗುರುವಾರ

ಪ್ರೀತಿಯ ಲೋಯಿಕ್,

ಮೊದಲ ಸಲ ನಮ್ಮ ಮನೆಗೆ ಊಟಕ್ಕೆ ಬಂದಾಗ ನೀನು ಕೊಟ್ಟ ವೈನನ್ನು ನಾನು ತೆರೆಯದೆ ನೆಲಮಾಳಿಗೆಯಲ್ಲಿಟ್ಟೆ. ನಿನ್ನ ಮುಖ ಸಣ್ಣದಾಯಿತು. ಆದರೆ ಊಟಕ್ಕೆ ತಕ್ಕ ವೈನ್ ಆರಿಸುವುದು ಮನೆಯ ಯಜಮಾನನ ಕೆಲಸ. ಬಂದವರು ಹೂವು ತಂದರೆ ಸಾಕು. ಈ ಮಾತನ್ನು ನಾನು ಈಗಲೂ ಬಿಟ್ಟುಕೊಡುವುದಿಲ್ಲ.

ನಿಮ್ಮಿಬ್ಬರ ವಿಚ್ಛೇದನವಾದಾಗ ನನ್ನ ಮಗಳು ಕ್ಲೋಟಿಲ್ಡ್ ನೀನು ಕೊಟ್ಟಿದ್ದನ್ನೆಲ್ಲ ಹಿಂದಿರುಗಿಸಿದಳು. ಆ ಬಾಟಲಿಯನ್ನೂ ಕೇಳಿದಳು. ಕೊಡಲಿಲ್ಲ. ಅದು ನನಗೆ ಬಂದ ಉಡುಗೊರೆ.

ಈಗ ಅದು ಹದಕ್ಕೆ ಬಂದಿದೆ. ಇನ್ನೂ ಇಟ್ಟರೆ ಕೆಡುತ್ತದೆ. ನಿನ್ನೆ ಒಡೆಟ್‌ಳನ್ನು "ತೆಗೀಲೇನೇ?" ಎಂದು ಕೇಳಿದೆ. ನಿನ್ನ ಅತ್ತೆಯ ಬಾಯಿ ನಿನಗೆ ಗೊತ್ತಲ್ಲ, "ತಂದೋನ್ನ ಬಿಟ್ಟು ನೀವೊಬ್ರೇ ಕುಡೀತೀರಾ? ಗಂಟಲಲ್ಲಿ ಇಳಿಯುತ್ತೇನ್ರೀ?" ಎಂದಳು.

ಭಾನುವಾರ ಮಧ್ಯಾಹ್ನ ಬಾ. ಕ್ಲೋಟಿಲ್ಡ್ ಊರಲ್ಲಿರುವುದಿಲ್ಲ. ನಿನ್ನ ವೈನಿಗೆ ಬಾತುಕೋಳಿಯೇ ಸರಿ ಎಂದು ಒಡೆಟ್ ಆಗಲೇ ಮಾಂಸದಂಗಡಿಯಲ್ಲಿ ಹೇಳಿಟ್ಟು ಬಂದಿದ್ದಾಳೆ. ನಮ್ಮ ಮನೆಯಲ್ಲಿ ವೈನ್ ನೋಡಿ ಅಡುಗೆ ಮಾಡುತ್ತಿರುವುದು ಇದೇ ಮೊದಲು.

ಹೂವು, ಚಾಕೊಲೇಟು ಏನನ್ನೂ ಹಿಡಿದುಕೊಂಡು ಬರಬೇಡ. ಅದೆಲ್ಲ ಹೊರಗಿನವರು ಮಾಡುವುದು.

ನಿನ್ನ ಮಾವ,
ಗಾಸ್ತೋನ್