ನೀಲಿ ಮೀನಿನ ಆಟ

ಅಮ್ಮ,

ಹಾಲು ಕಾಯಿಸಿಟ್ಟಿದ್ದೇನೆ. ನಿನ್ನ ಬಿಪಿ ಮಾತ್ರೆ ಫ್ರಿಜ್ಜಿನ ಮೇಲಿದೆ, ಮರೆಯಬೇಡ.

ನೀಲಿ ಮೀನನ್ನು ಜರಡಿಯಲ್ಲಿ ಹಾಕಿ ತೊಟ್ಟಿಯೊಳಗೇ ತೂಗುಬಿಟ್ಟದ್ದು ಸುಮ್ಮನೆ ಅಲ್ಲ ಅಂತ ಬಾಯಿ ನೋಯುವಷ್ಟು ಹೇಳಿದ್ದೆ. ಮೊದಲು ಬಂದದ್ದು ತಾನು, ಕಲ್ಲುಗಳೆಲ್ಲ ತನ್ನವೇ ಎಂದು ಅದರ ಲೆಕ್ಕ. ಕೆಲವು ದಿನ ಕೂಡಿಹಾಕಿ, ಕಲ್ಲುಗಳ ಜಾಗ ಬದಲಿಸಿದರೆ ಸೊಕ್ಕು ಇಳಿಯುತ್ತದೆ, ಹೊಸದಾಗಿ ತಂದ ಹಳದಿ ಮೀನೂ ಬದುಕಿಕೊಳ್ಳುತ್ತದೆ ಎಂದು ಅಕ್ವೇರಿಯಂ ಅಂಗಡಿಯವನು ನಿನ್ನೆದುರಿಗೇ ಹೇಳಿದ್ದ. ಆದರೂ ನಿನ್ನೆ ನೀನು "ಪಾಪ, ಒಂಟಿಯಾಗಿದೆ" ಅಂತ ಅದನ್ನು ಬಿಟ್ಟುಬಿಟ್ಟೆ. ನಾನು ಕೆಲಸದಿಂದ ಬಂದಾಗ ಹಳದಿ ಫಿಲ್ಟರಿನ ಹಿಂದೆ ಅಡಗಿತ್ತು. ಬಾಲ ಅರ್ಧ ಹರಿದಿತ್ತು.

"ಆಟ ಆಡ್ತಿದ್ವು, ಬಿಡೇ" ಅಂದೆ ನೀನು.

ಅಣ್ಣ ನನ್ನ ಕೈ ತಿರುಚಿ ಮೂಳೆ ಮುರಿದ ದಿನ ಡಾಕ್ಟರ ಮುಂದೆಯೂ ನೀನು ಇದನ್ನೇ ಹೇಳಿದ್ದೆ.

ಮಧ್ಯಾಹ್ನ ಅವನು ಇಲ್ಲೇ ಇರಲು ಬರುತ್ತಾನಲ್ಲ, ನನ್ನ ರೂಮು ಖಾಲಿ ಮಾಡಿದ್ದೇನೆ. ಹೇಗೂ ನನ್ನನ್ನು ಕೇಳದೆ ಕೊಟ್ಟಾಗಿತ್ತು. ನಾನು ಆಫೀಸಿನ ಹತ್ತಿರದ ಹಾಸ್ಟೆಲಿಗೆ ಹೋಗುತ್ತಿದ್ದೇನೆ. ಹಳದಿಯನ್ನು ಬಕೆಟ್ಟಿನಲ್ಲಿ ಒಯ್ದು ದಾರಿಯಲ್ಲಿ ಅಂಗಡಿಯವನಿಗೇ ಒಪ್ಪಿಸುತ್ತೇನೆ.

ತೊಟ್ಟಿಯ ಉಪ್ಪುನೀರು ಆರಿ ಇಳಿದರೆ ಸಿಹಿನೀರು ಮಾತ್ರ ಹಾಕು. ಉಪ್ಪು ಬೆರೆಸಬೇಡ, ಉಪ್ಪು ಅಲ್ಲೇ ಇರುತ್ತದೆ.

ನೀಲಿಯನ್ನು ರಾತ್ರಿ ಮತ್ತೆ ಜರಡಿಗೆ ಹಾಕಿದ್ದೆ. ಈಗ ಧಾರಾಳವಾಗಿ ಬಿಡು. ಇಡೀ ತೊಟ್ಟಿ ಅದರದ್ದೇ. ಆಟಕ್ಕೆ ಮಾತ್ರ ಇನ್ನು ಯಾರೂ ಸಿಗುವುದಿಲ್ಲ.